ಯಾರು, ಯಾರಿಗೆ ಹೇಳಿದರು?

ಈ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ನಾನು ಬಿ.ಇ. ಸೇರಿದೆ. ಇಂಗ್ಲಿಷ್‌ನಲ್ಲಿ ಪ್ರಶ್ನೆ ಕೇಳಲು ಹೆದರಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಫೇಲಾದೆ. ರಜೆಗೆ ಬಂದವನು ಅಪ್ಪನಿಗೆ, "ಕನ್ನಡದಲ್ಲಿ ಓದಿಸಿ ನನ್ನನ್ನು ಕೆಡಿಸಿದೆ" ಅಂದುಬಿಟ್ಟೆ. ಆ ಮಾತಿನ ವಿಷಯಕ್ಕೇ ಇಂದು ಬಂದಿದ್ದೇನೆ.

ಕೆಲವು ವರ್ಷಗಳ ಹಿಂದೆ ಕಂಪನಿ ಕೆಲಸಕ್ಕೆಂದು ಆರು ತಿಂಗಳು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿದ್ದೆ. ಅಲ್ಲಿನ ಹಿರಿಯ ಸಹೋದ್ಯೋಗಿಯೊಬ್ಬರ ಮನೆಮಾತು ಆಫ್ರಿಕಾನ್ಸ್, ಡಚ್ ಭಾಷೆಯಿಂದ ಬೆಳೆದ ನುಡಿ. ಆ ದೇಶಕ್ಕೆ ಟೀವಿ ಬಂದದ್ದು 1976ರಲ್ಲಿ. ಹಾಗಾಗಿ ಅವರ ಬಾಲ್ಯವೆಲ್ಲ ರೇಡಿಯೋ ನಾಟಕ. ಬಿಡುವಿನಲ್ಲಿ, ಗೆಳೆಯರು ಕೂಡಿ ಓದಲೆಂದು, ಇಂಗ್ಲಿಷ್ ನಾಟಕವೊಂದನ್ನು ಆಫ್ರಿಕಾನ್ಸ್‌ಗೆ ತರುತ್ತಿದ್ದರು.

ಅದು ಲೂಸಿಲ್ ಫ್ಲೆಚರ್ ಬರೆದ 'ಸಾರಿ, ರಾಂಗ್ ನಂಬರ್'. 1943ರಲ್ಲಿ ಅಮೆರಿಕದ ಸಿಬಿಎಸ್ ರೇಡಿಯೋದಲ್ಲಿ ಬಂದ ಅರ್ಧ ಗಂಟೆಯ ನಾಟಕ. ಕಾಯಿಲೆಯ ಹೆಂಗಸೊಬ್ಬಳು ಮನೆಯಲ್ಲಿ ಒಂಟಿಯಾಗಿದ್ದು ಗಂಡನಿಗೆ ಫೋನ್ ಮಾಡುತ್ತಾಳೆ. ಲೈನು ಅಡ್ಡಸೇರಿ, ಇಬ್ಬರು ಗಂಡಸರು ಆ ರಾತ್ರಿ ಒಬ್ಬ ಹೆಂಗಸನ್ನು ಕೊಲ್ಲುವ ಮಾತಾಡುವುದು ಕೇಳಿಸುತ್ತದೆ. ಆಪರೇಟರಿಗೆ ಹೇಳುತ್ತಾಳೆ, ಪೊಲೀಸರಿಗೆ ಹೇಳುತ್ತಾಳೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆ ಹೆಂಗಸು ತಾನೇ ಎಂದು ತಿಳಿಯುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಕಣ್ಣಿಗೆ ಕಾಣುವುದು ಏನೂ ಇಲ್ಲ. ಅವಳ ಮನಸ್ಸಿನ ಭಯವೆಲ್ಲ ದನಿಯಲ್ಲೇ ಕೇಳಬೇಕು.

ಅನುವಾದಕ್ಕೆ ತೊಡಕಾದದ್ದು ಒಂದು ಸಣ್ಣ ಪದ. ಇಂಗ್ಲಿಷ್‌ನಲ್ಲಿ ಎಲ್ಲರಿಗೂ ಒಂದೇ 'ಯೂ'. ಆಫ್ರಿಕಾನ್ಸ್‌ನಲ್ಲಿ ನಮ್ಮ ಹಾಗೆಯೇ ನೀನು, ನೀವು ಎರಡೂ ಇವೆ. ಗುರುತಿಲ್ಲದ ಹಿರಿಯರನ್ನೂ ನಾವು ಮಾಮ, ಅತ್ತೆ ಅನ್ನುವಂತೆ ಅವರು 'ಊಮ್', 'ಟಾನಿ' ಅನ್ನುತ್ತಾರೆ. "ಈ ಹೆಂಗಸು ಆಪರೇಟರಿಗೆ ನೀನು ಅನ್ನುತ್ತಾಳೋ, ನೀವು ಅನ್ನುತ್ತಾಳೋ?" ಎಂದು ಕೇಳಿದರು.

ನಾನು ಯೋಚಿಸಲೇ ಇಲ್ಲ. "ಮೊದಲು ಗದರುವಾಗ ನೀನು. ಕೊನೆಗೆ ಬೇಡಿಕೊಳ್ಳುವಾಗ ನೀವು" ಎಂದೆ. 'ಏನಮ್ಮಾ, ನಿನಗೆ ಕಿವಿ ಕೇಳಿಸಲ್ವಾ?' ಅಂದವಳೇ 'ತಾಯೀ, ನೀವೇ ಕಾಪಾಡಿ' ಅನ್ನುವುದನ್ನು ನಮ್ಮೂರಲ್ಲಿ ನಾವು ಕೇಳಿಲ್ಲವೇ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊದಲ ಪುಟದಿಂದ ತಿದ್ದಲು ಕೂತರು. "ಇದನ್ನು ಎಲ್ಲಿ ಕಲಿತೆ?" ಎಂದರು.

ಎಲ್ಲಿ ಕಲಿತೆ? ಇಲ್ಲೇ, ಕನ್ನಡ ಪಿರಿಯಡ್ಡಿನಲ್ಲಿ. ಸಂದರ್ಭ ಸಹಿತ ವಿವರಿಸಿ: ಈ ಮಾತನ್ನು ಯಾರು, ಯಾರಿಗೆ, ಯಾವಾಗ ಹೇಳಿದರು? ಅಂಕಕ್ಕಾಗಿ ಬಾಯಿಪಾಠ ಮಾಡಿದೆವು ಅಂದುಕೊಂಡಿದ್ದೆ. ಮೇಷ್ಟ್ರು ನಮಗೆ ಮನುಷ್ಯರ ಮಾತು ಕೇಳಿಸಿಕೊಳ್ಳುವುದನ್ನು ಕಲಿಸುತ್ತಿದ್ದರು.

ಮಕ್ಕಳೇ, ಇಂಗ್ಲಿಷ್ ಚೆನ್ನಾಗಿ ಕಲಿಯಿರಿ, ಅದು ಬೇಕೇ ಬೇಕು. ಆದರೆ ಕನ್ನಡದಲ್ಲಿ ಓದಿದ್ದಕ್ಕೆ ತಲೆ ತಗ್ಗಿಸಬೇಡಿ.

ಅಪ್ಪ ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅಪ್ಪಾ, ಅವತ್ತು ನಾನು ಹೇಳಿದ್ದು ತಪ್ಪು.