ಮೂಗಿಗೆ ತಿಳಿಯದ ಗ್ಯಾಸ್

ಹಿಂದಿನ ಎರಡು ಸಾಲು ಹಿಡಿದು ಕೂತಿರುವ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಫ್ರಿಜ್ ಮತ್ತು ಎಸಿ ಮೆಕ್ಯಾನಿಕ್‌ಗಳೇ,

ನಿಮ್ಮನ್ನು ಹಿಂದೆ ಕೂರಿಸಿದ್ದು ಯಾರೋ ಗೊತ್ತಿಲ್ಲ. ಮಧ್ಯಾಹ್ನದ ಗೋಷ್ಠಿಗೆ ದಯವಿಟ್ಟು ಮುಂದೆ ಬನ್ನಿ. ನಾನು ಹೇಳಬೇಕೆಂದಿರುವುದರಲ್ಲಿ ಹೆಚ್ಚಿನ ಪಾಲು ನಿಮ್ಮ ವಿಷಯವೇ.

ಫ್ರಿಜ್, ಎಸಿಗಳಲ್ಲಿ ಬಳಸುವ ಉರಿಯುವ ಅನಿಲಗಳ ಬಗ್ಗೆ ಎರಡು ದಿನ ಮಾತಾಡಲು ಸೇರಿದವರು ದೀಪ ಹಚ್ಚಿ ಶುರುಮಾಡಿದ್ದೇವೆ. ನನಗಿದು ಇಷ್ಟವಾಯಿತು. ನಮ್ಮ ಶಾಸ್ತ್ರದ ಚರಿತ್ರೆಯಲ್ಲಿ ದೀಪ ಆರಿಸಿ ಉದ್ಘಾಟನೆಯಾದ ಅನಿಲವೂ ಒಂದಿದೆ. 1930ರಲ್ಲಿ ಎಂಜಿನಿಯರ್ ಥಾಮಸ್ ಮಿಜ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಸಭೆಯಲ್ಲಿ ತಾನು ಹೊಸದಾಗಿ ತಂದ ಶೀತಕವನ್ನು ಎದೆ ತುಂಬ ಎಳೆದುಕೊಂಡು, ಎದುರಿಗಿದ್ದ ಮೇಣದಬತ್ತಿಯ ಮೇಲೆ ಊದಿದ. ಬತ್ತಿ ಆರಿತು, ಮಿಜ್ಲಿ ಬದುಕಿಯೇ ಇದ್ದ. ವಿಷವಲ್ಲ, ಉರಿಯುವುದೂ ಇಲ್ಲ ಎಂದು ಒಂದೇ ಉಸಿರಿನಲ್ಲಿ ತೋರಿಸಿಬಿಟ್ಟ. ಆಗಿನ ಫ್ರಿಜ್‌ಗಳಲ್ಲಿ ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ಇರುತ್ತಿದ್ದವು. ರಾತ್ರಿ ಸೋರಿ ಜನ ಸತ್ತ ಪ್ರಕರಣಗಳೂ ಇದ್ದವು. ಆ ಹೊತ್ತಿಗೆ ಮಿಜ್ಲಿಯ ಅನಿಲ ವರವೇ.

ಮುಂದಿನದು ವಿದ್ಯಾರ್ಥಿಗಳ ಪಠ್ಯದಲ್ಲೇ ಇದೆ. ಮಿಜ್ಲಿಯ ಅನಿಲದಂಥ ಸಿಎಫ್‌ಸಿಗಳು ಓಝೋನ್ ಪದರವನ್ನು ಕರಗಿಸುತ್ತವೆ ಎಂದು 1974ರಲ್ಲಿ ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ ಎಚ್ಚರಿಸಿದರು, 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಓಝೋನ್ ಕರಗಿರುವುದು ಕಂಡಿತು, 1987ರಲ್ಲಿ ಅವುಗಳ ಬಳಕೆ ಇಳಿಸುವ ಮಾಂಟ್ರಿಯಲ್ ಒಪ್ಪಂದವಾಯಿತು. ಓಝೋನ್ ವಿಷಯಕ್ಕೆ ಮಿಜ್ಲಿಯನ್ನು ಬೈಯುವವರು ಬಹಳ ಮಂದಿ ಇದ್ದಾರೆ. ನನ್ನ ತಕರಾರು ಆ ಮೇಣದಬತ್ತಿಯದು. ಅನಿಲವೇ ನಿರಪಾಯಕಾರಿಯಾಗಿದ್ದರೆ ಅದನ್ನು ಮುಟ್ಟುವ ಮನುಷ್ಯ ಹುಷಾರಾಗಿರಬೇಕಿಲ್ಲ ಎಂಬ ನಂಬಿಕೆ ಅಲ್ಲಿಂದ ನಮಗೆ ಅಂಟಿತು. ಸಿಎಫ್‌ಸಿ ಹೋಯಿತು, ಎಚ್‌ಸಿಎಫ್‌ಸಿ ಬಂತು. ಅದು ಹೋಗುತ್ತಿದ್ದಂತೆ ಎಚ್‌ಎಫ್‌ಸಿ, ಈಗ ಎಚ್‌ಎಫ್‌ಒ. ಪ್ರತಿ ಸಲವೂ ‘ಯಾವ ಅನಿಲ’ ಎಂದೇ ಕೇಳಿದೆವು. ‘ಸೋರುವುದು ಎಲ್ಲಿ, ಯಾರ ಕೈಯಲ್ಲಿ’ ಎಂದು ಕೇಳಲಿಲ್ಲ. ಕೆಲವು ಎಚ್‌ಎಫ್‌ಒಗಳು ವಾತಾವರಣದಲ್ಲಿ ಒಡೆದು ಟ್ರೈಫ್ಲೂರೋ ಅಸಿಟಿಕ್ ಆಮ್ಲವಾಗಿ ಮಳೆಯ ಜೊತೆ ಇಳಿಯುವ ಸಂಗತಿಯನ್ನು ಇಲ್ಲಿ ಕೂತಿರುವ ರಸಾಯನಶಾಸ್ತ್ರದ ಗೆಳೆಯರು ನಾಳೆ ಹೇಳಲಿದ್ದಾರೆ. ಅವರ ಮಾತನ್ನು ನಾನು ಕದಿಯುವುದಿಲ್ಲ.

ಇವುಗಳ ಬದಲು ಹೈಡ್ರೋಕಾರ್ಬನ್‌ಗಳನ್ನೇ ಶೀತಕವಾಗಿ ಬಳಸಬೇಕೆಂಬ ವಾದವನ್ನೂ ಬೇಗ ಮುಗಿಸುತ್ತೇನೆ. ಪ್ರೋಪೇನ್, ಅಂದರೆ ಆರ್-290, ಮೈನಸ್ 42 ಡಿಗ್ರಿಗೆ ಕುದಿಯುತ್ತದೆ; ಆರ್-22 ಎಂಬ ಎಚ್‌ಸಿಎಫ್‌ಸಿ ಕುದಿಯುವುದು ಮೈನಸ್ 41ರ ಸುಮಾರಿಗೆ. ಆರ್-22 ತುಂಬುವ ಜಾಗಕ್ಕೆ ತೂಕದಲ್ಲಿ ಅದರ ಅರ್ಧಕ್ಕಿಂತ ಕಡಿಮೆ ಪ್ರೋಪೇನ್ ಸಾಕು. ಭೂಮಿ ಬಿಸಿಯಾಗಿಸುವ ಸಾಮರ್ಥ್ಯ ಆರ್-22ಕ್ಕೆ ಕಾರ್ಬನ್ ಡೈಆಕ್ಸೈಡ್‌ನ ಸುಮಾರು 1,800 ಪಟ್ಟು, ಎಚ್‌ಎಫ್‌ಸಿ ಮಿಶ್ರಣವಾದ ಆರ್-404ಎಗೆ ಸುಮಾರು 3,900 ಪಟ್ಟು. ಪ್ರೋಪೇನ್‌ಗೆ ಒಂದಂಕಿ. ಜರ್ಮನಿಯ ಶಾರ್ಫನ್‌ಸ್ಟೈನ್ ಕಾರ್ಖಾನೆಯಲ್ಲಿ ಹೈಡ್ರೋಕಾರ್ಬನ್ ತುಂಬಿದ ಗ್ರೀನ್‌ಫ್ರೀಜ್ ಫ್ರಿಜ್ ತಯಾರಾಗಿ ಮೂವತ್ತು ವರ್ಷ ದಾಟಿದೆ. ನಮ್ಮ ದೇಶದಲ್ಲಿ ಗೋದ್ರೆಜ್ 2012ರಲ್ಲೇ ಪ್ರೋಪೇನ್ ಎಸಿಯನ್ನು ಮಾರುಕಟ್ಟೆಗೆ ತಂದಿತು. ಉಷ್ಣಗತಿಶಾಸ್ತ್ರದ ಉಳಿದ ಲೆಕ್ಕಕ್ಕೆ ಮೊದಲ ಗೋಷ್ಠಿಯ ಅಧ್ಯಕ್ಷರಿದ್ದಾರೆ. ಅವರ ಎದುರು ನಾನು ರೆಫ್ರಿಜರೇಷನ್ ಸೈಕಲ್‌ನ ಚಿತ್ರ ಬರೆಯುವುದು ಉದ್ಧಟತನವಾದೀತು.

ಈಗ ನಮ್ಮ ಜಿಲ್ಲೆಗೆ ಬರೋಣ. ತಂಪು ಇಲ್ಲದೆ ಇಲ್ಲಿ ಬೆಳಿಗ್ಗೆಯೇ ಆಗುವುದಿಲ್ಲ. ಹಳ್ಳಿ ಡೇರಿಯಲ್ಲಿ ಹಾಲು ನಾಲ್ಕು ಡಿಗ್ರಿಗೆ ಇಳಿಯಬೇಕು. ದೊಡ್ಡಬಳ್ಳಾಪುರದ ಪಾಲಿಹೌಸಿನ ಗುಲಾಬಿ ಕೋಲ್ಡ್ ರೂಮ್ ಹೊಕ್ಕು, ಅಲ್ಲಿಂದ ದೇವನಹಳ್ಳಿಯ ವಿಮಾನ ಹತ್ತಬೇಕು. ನೆಲಮಂಗಲ, ಹೊಸಕೋಟೆಯ ಗೋದಾಮುಗಳಿಂದ ರೀಫರ್ ಲಾರಿಗಳು ಹಗಲೂ ರಾತ್ರಿ ಹೊರಡುತ್ತವೆ. ಇವುಗಳಲ್ಲಿ ಹೆಚ್ಚಿನವು ಓಡುವುದು ಉರಿಯದ, ವಾಸನೆಯಿಲ್ಲದ, ಸೋರಿದರೆ ಯಾರಿಗೂ ತಿಳಿಯದ ಅನಿಲಗಳ ಮೇಲೆ.

ಒಂದು ಹಾಲಿನ ಸೊಸೈಟಿ. ಊರಿನ ಹೆಸರು ಬೇಡ. ಕೂಲರ್ ಬಗ್ಗೆ ವಿಚಾರಿಸಿದೆ. ಕಾರ್ಯದರ್ಶಿ, “ಏನೂ ತೊಂದ್ರೆ ಇಲ್ಲ ಸಾರ್, ಬ್ಯಾಸ್ಗೆಗೆ ಒಂದ್ ಸಲ ಗ್ಯಾಸ್ ತುಂಬುಸ್ತೀವಿ ಅಷ್ಟೇ” ಅಂದರು. ಅಷ್ಟೇ! ಮುಚ್ಚಿದ ಪೈಪಿನೊಳಗೆ ಸುತ್ತುವ ಅನಿಲ ಖರ್ಚಾಗುವ ವಸ್ತುವೇ ಅಲ್ಲ. ಕಡಿಮೆಯಾಯಿತೆಂದರೆ ಎಲ್ಲೋ ತೂತಿದೆ. ಅದು ಆರ್-404ಎ ಆಗಿದ್ದರೆ, ಸೋರಿದ ಪ್ರತಿ ಕೆಜಿಯೂ ಸುಮಾರು 3.9 ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಆದರೆ ಕಾರ್ಯದರ್ಶಿಯ ಕಣ್ಣಿಗೆ ಹೊಗೆ ಕಾಣಲಿಲ್ಲ, ಮೂಗಿಗೆ ವಾಸನೆ ಬರಲಿಲ್ಲ, ಯಾರ ಕೈಯೂ ಸುಡಲಿಲ್ಲ. ಅವರನ್ನು ದೂರಿ ಏನು ಪ್ರಯೋಜನ? ಅಸಡ್ಡೆಯನ್ನು ಕ್ಷಮಿಸುವ ಅನಿಲವನ್ನು ಅವರ ಕೈಗೆ ಕೊಟ್ಟವರು ನಾವು.

ನಾನು ಹೈಡ್ರೋಕಾರ್ಬನ್ ಪಕ್ಷ ಸೇರಿದ್ದು ಇದೇ ಕಾರಣಕ್ಕೆ. ಅದು ಉರಿಯುತ್ತದೆ ಎಂಬುದನ್ನು ದೋಷವೆಂದು ಬರೆಯುತ್ತಾರೆ. ನನಗೆ ಅದೇ ಅದರ ದೊಡ್ಡ ಗುಣವಾಗಿ ಕಾಣುತ್ತದೆ. ಪ್ರೋಪೇನ್ ಇದ್ದ ಕಡೆ ‘ಸ್ವಲ್ಪ ಸೋರಿದರೆ ಸೋರಲಿ, ಆಮೇಲೆ ತುಂಬಿಸೋಣ’ ಎನ್ನಲಾಗದು. ತೂತು ಹುಡುಕಲೇಬೇಕು. ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನು ಹಟವೆನ್ನುತ್ತಾರೆ. ಇರಬಹುದು.

ಆದರೆ ಹುಡುಕುವವರಿಗೆ ಏನು ಕೊಟ್ಟಿದ್ದೇವೆ? 1990ರ ದಶಕದ ಕೊನೆಗೆ ಸ್ವಿಟ್ಜರ್ಲೆಂಡ್ ನೆರವಿನ ಹೈಡೆಕಾರ್ ಯೋಜನೆ ಸಣ್ಣ ರಿಪೇರಿ ಅಂಗಡಿಯವರಿಗೆ ತರಬೇತಿ ಕೊಡಲು ಹೊರಟಿತ್ತು. ಒಳ್ಳೆಯ ಕೆಲಸ. ಆಮೇಲೆ ಫ್ರಿಜ್‌ಗಳು ಆರ್-600ಎಗೆ, ಅಂದರೆ ಐಸೋಬ್ಯುಟೇನ್‌ಗೆ ಬದಲಾದ ವೇಗಕ್ಕೆ ತರಬೇತಿ ಹೊಂದಿಕೊಳ್ಳಲಿಲ್ಲ. ಹೊಸಕೋಟೆಯ ಹಳೆಯ ಮೆಕ್ಯಾನಿಕ್ ಒಬ್ಬರು ತಮ್ಮ ಮೊದಲ ಆರ್-600ಎ ಫ್ರಿಜ್ ಕತೆ ಹೇಳಿದ್ದರು. ಗೇಜ್ ಹಾಕಿದರೆ ಮುಳ್ಳು ಸೊನ್ನೆಗಿಂತ ಕೆಳಗೆ. ಗ್ಯಾಸ್ ಖಾಲಿ ಎಂದುಕೊಂಡು ಮುಳ್ಳು ಏಳುವ ತನಕ ತುಂಬಿದರು. ಹಿಂದಿನ ಸಕ್ಷನ್ ಪೈಪ್ ಮೇಲೆಲ್ಲ ಐಸ್ ಕಟ್ಟಿತು. ಐಸೋಬ್ಯುಟೇನ್ ಕುದಿಯುವುದು ಮೈನಸ್ 12ರ ಸುಮಾರಿಗೆ. ಮೈನಸ್ 20ರ ಫ್ರೀಜರ್‌ನಲ್ಲಿ ಅದರ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಇರುವುದೇ ಸರಿ. ಐವತ್ತು ಗ್ರಾಂ ತುಂಬುವ ಯಂತ್ರಕ್ಕೆ ಗೇಜ್ ನಂಬಬಾರದು, ಚಿನ್ನದಂಗಡಿಯವರಂತೆ ತೂಗಿ ಹಾಕಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಅವರೇ ಕಂಡುಕೊಂಡರು. ಅವರ ಅಂಗಡಿಯಲ್ಲಿ ಈಗ ಡಿಜಿಟಲ್ ತಕ್ಕಡಿ ಇದೆ.

ನಿಯಮ ಬರೆಯುವವರು ಮಾತ್ರ ಗ್ರಾಂ ಲೆಕ್ಕದಲ್ಲಿ ಬಹಳ ನಿಪುಣರು. ಮನೆ ಫ್ರಿಜ್‌ಗೆ ತುಂಬುವ ಹೈಡ್ರೋಕಾರ್ಬನ್‌ಗೆ 150 ಗ್ರಾಂ ಮಿತಿ. ಅಂಗಡಿಯ ಶೋಕೇಸ್‌ಗೂ ಅಷ್ಟೇ ಇದ್ದದ್ದು 2019ರಲ್ಲಿ 500 ಗ್ರಾಂಗೆ ಏರಿತು. ಗೋಡೆಯ ಎಸಿಗೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಇಸಿಯ ಹಳೆಯ ಸೂತ್ರ ಹಾಕಿದರೆ ಹತ್ತು ಅಡಿಗೆ ಹನ್ನೆರಡು ಅಡಿ ಕೋಣೆಗೆ ಸುಮಾರು 250 ಗ್ರಾಂ ಪ್ರೋಪೇನ್ ಸಿಗುತ್ತದೆ. ಅದೇ ಮನೆಯ ಅಡುಗೆಕೋಣೆಯಲ್ಲಿ 14.2 ಕೆಜಿ ಸಿಲಿಂಡರ್ ನಿಂತಿರುತ್ತದೆ. ನಮ್ಮ ಹೊಸಕೋಟೆ ತಾಲ್ಲೂಕಿನ ದೇವನಗೊಂದಿಯಲ್ಲೇ ಗ್ಯಾಸ್ ತುಂಬುವ ಘಟಕವಿದೆ. ಮಂಗಳೂರಿನಿಂದ ಹಾಸನದ ಮೇಲೆ ಬರುವ ಪೆಟ್ರೋಲಿಯಂ ಕೊಳವೆ ಮಾರ್ಗ ಮುಗಿಯುವುದೂ ಅಲ್ಲೇ. ಹೈಡ್ರೋಕಾರ್ಬನ್‌ಗೆ ಹೆದರುವ ಜಿಲ್ಲೆ ನಮ್ಮದಲ್ಲ.

ಹಾಗಂತ ಸಿಲಿಂಡರ್ ಗ್ಯಾಸನ್ನೇ ಫ್ರಿಜ್‌ಗೆ ತುಂಬಬೇಡಿ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ನನಗೂ ಗೊತ್ತಿದೆ. ಅದರಲ್ಲಿ ಪ್ರೋಪೇನ್, ಬ್ಯುಟೇನ್ ಪ್ರಮಾಣ ಒಂದೇ ಸಮ ಇರುವುದಿಲ್ಲ, ತೇವವಿರುತ್ತದೆ, ಗಂಧಕವಿರುತ್ತದೆ. ಆರ್-22ಗೆಂದು ಮಾಡಿದ ಎಸಿಗೆ ಪ್ರೋಪೇನ್ ಹಾಕುವುದೂ ತಪ್ಪು. ಕಿಡಿ ಹಾರಿಸುವ ಅದರ ಸ್ವಿಚ್ಚು, ರಿಲೇಗಳು ಉರಿಯುವ ಅನಿಲವನ್ನು ಎಣಿಸಿ ಕೂರಿಸಿದವಲ್ಲ.

ಆ ಗಂಧಕದ ಬಳಿಯೇ ನನ್ನ ಹಳೆಯ ಪ್ರಶ್ನೆ ಕೂತಿದೆ. ಅಡುಗೆ ಅನಿಲಕ್ಕೆ ತನ್ನದೇ ಎನ್ನುವಂಥ ವಾಸನೆಯಿಲ್ಲ, ವಾಸನೆಗೆಂದು ಗಂಧಕವಿರುವ ಈಥೈಲ್ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಗಾಳಿಯಲ್ಲಿ ಪ್ರೋಪೇನ್ ಶೇ 2ರ ಆಚೆ ಹೋದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ಅದಕ್ಕೆ ಬಹಳ ಮೊದಲೇ ಮೂಗಿಗೆ ತಿಳಿಯಲಿ ಎಂದು ಈ ಏರ್ಪಾಡು. ‘ಗ್ಯಾಸ್ ವಾಸ್ನೆ ಬರ್ತಿದೆ, ಸ್ವಿಚ್ ಮುಟ್ಬೇಡ, ಕಿಟಕಿ ತೆಗಿ’ ಎಂದು ಓದು ಬಾರದ ಅಜ್ಜಿಯೂ ಹೇಳುತ್ತಾರೆ. ಇಡೀ ನಾಡಿಗೆ ಇಷ್ಟು ಚೆನ್ನಾಗಿ ಕಲಿಸಿದ ಸುರಕ್ಷತಾ ಪಾಠ ಇನ್ನೊಂದಿಲ್ಲ. ಹಾಗಿರುವಾಗ ಎಸಿಯ ಪ್ರೋಪೇನ್ ಏಕೆ ವಾಸನೆಯಿಲ್ಲದೆ ಬರುತ್ತದೆ?

ಸಿದ್ಧ ಉತ್ತರ ಇದೆ. ಗಂಧಕ ತಾಮ್ರಕ್ಕೆ ಆಗದು. ಪೈಪಿನಲ್ಲಿ ತೇವ ಹೀರಲು ಇಟ್ಟ ಡ್ರೈಯರ್ ಮರ್ಕ್ಯಾಪ್ಟನ್ ಅನ್ನೂ ಹೀರಿಬಿಡಬಹುದು. ಕಂಪ್ರೆಸರ್ ಎಣ್ಣೆ ಉಳಿದದ್ದನ್ನು ಇಟ್ಟುಕೊಳ್ಳುತ್ತದೆ. ಉತ್ತರ ಸರಿಯೇ, ಆದರೆ ಅರ್ಧ. ಗಂಧಕವಿಲ್ಲದ ವಾಸನೆ ಸಿಗಲಾರದೇ? ಡ್ರೈಯರ್‌ನ ಆಚೆ, ಇವಾಪೊರೇಟರ್‌ನ ಹೊರಮೈಯಲ್ಲಿ ವಾಸನೆಯನ್ನು ಇಡಲಾಗದೇ? ಈಗಿನ ಒಲವು ಎಲೆಕ್ಟ್ರಾನಿಕ್ ಸೆನ್ಸರ್ ಕಡೆಗಿದೆ. ಅರೆವಾಹಕ ಸೆನ್ಸರ್‌ಗಳು ಆಲ್ಕೋಹಾಲ್ ಆವಿಗೂ ಎಚ್ಚೆತ್ತುಕೊಳ್ಳುತ್ತವೆ. ನಮ್ಮ ಮನೆಗಳ ಧೂಪ, ಒಗ್ಗರಣೆ, ಸ್ಯಾನಿಟೈಸರ್ ನಡುವೆ ಎರಡು ಸಲ ಸುಮ್ಮಸುಮ್ಮನೆ ಕೂಗಿದರೆ ಮೂರನೇ ಸಲ ಯಾರೋ ವೈರ್ ಕಿತ್ತಿರುತ್ತಾರೆ.

ಇಷ್ಟು ಹೇಳಿ ಗೆದ್ದೆ ಎನ್ನಲಾರೆ. ನನ್ನನ್ನು ತಡೆಯುವ ಸಂಗತಿ ಒಂದಿದೆ. ಹೆಚ್ಚು ಅಪಾಯವಿರುವುದು ಮನೆಯವರು ಮಲಗಿದ್ದಾಗಲ್ಲ, ರಿಪೇರಿ ಹೊತ್ತಿನಲ್ಲಿ. ಪೈಪ್ ಕಟರ್‌ನಿಂದ ಕತ್ತರಿಸಿ, ನೈಟ್ರೋಜನ್ ಹಾಯಿಸಿ, ಆಮೇಲೆ ಬ್ರೇಜಿಂಗ್ ಮಾಡಬೇಕು. ಅವಸರದಲ್ಲಿ ನೇರ ಟಾರ್ಚ್ ಹಿಡಿದರೆ ಒಳಗುಳಿದ ಅನಿಲ ಹೊತ್ತಿಕೊಳ್ಳುತ್ತದೆ. ವಾಸನೆ ಇದ್ದಿದ್ದರೆ ಮೆಕ್ಯಾನಿಕ್ ಕೈ ತಡೆಯುತ್ತಿತ್ತು ಎಂದು ನನ್ನ ವಾದ. ಆದರೆ ಐದು ವರ್ಷದಲ್ಲಿ ಡ್ರೈಯರ್ ವಾಸನೆಯನ್ನೆಲ್ಲ ನುಂಗಿ, ಅನಿಲವನ್ನು ಮಾತ್ರ ಬಿಟ್ಟಿದ್ದರೆ? ಅಡುಗೆ ಅನಿಲದ ಹೊಸ ಉಕ್ಕಿನ ಟ್ಯಾಂಕ್‌ಗಳಲ್ಲಿ ತುಕ್ಕು ತಗುಲಿ ಮರ್ಕ್ಯಾಪ್ಟನ್ ಮಾಯವಾದ ದಾಖಲೆಗಳಿವೆ. ವಾಸನೆಯನ್ನು ನಂಬಲು ಕಲಿತ ಮನುಷ್ಯ, ವಾಸನೆ ಇಲ್ಲ, ಆದ್ದರಿಂದ ಗ್ಯಾಸ್ ಇಲ್ಲ ಎಂದುಕೊಂಡು ಟಾರ್ಚ್ ಹಚ್ಚುತ್ತಾನೆ. ಕೈಕೊಡುವ ವಾಸನೆ, ವಾಸನೆಯೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಈ ಗಂಟನ್ನು ನನ್ನಿಂದ ಬಿಡಿಸಲಾಗಿಲ್ಲ.

ಮಾಂಟ್ರಿಯಲ್ ಒಪ್ಪಂದದ 2016ರ ಕಿಗಾಲಿ ತಿದ್ದುಪಡಿಯಂತೆ ಭಾರತ 2032ರಿಂದ ಎಚ್‌ಎಫ್‌ಸಿ ಇಳಿಸುತ್ತ 2047ಕ್ಕೆ ಶೇ 85ರಷ್ಟು ಕಡಿಮೆ ಮಾಡಬೇಕು. ಇಲ್ಲಿ ಕೂತಿರುವ ವಿದ್ಯಾರ್ಥಿಗಳ ವೃತ್ತಿಜೀವನದ ದೊಡ್ಡ ಪಾಲು ಅದೇ ಅವಧಿ. ಹಾಗಾಗಿ ಇನ್ನೊಂದು ಪ್ರಬಂಧಕ್ಕಿಂತ ಒಂದು ಪ್ರಯೋಗ ಕೇಳುತ್ತೇನೆ. ಬರುವಾಗ ಈ ಕಾಲೇಜಿನ ವರ್ಕ್‌ಶಾಪ್ ಹಿಂದಿನ ಶೆಡ್‌ನಲ್ಲಿ ಹಳೆ ಫ್ರಿಜ್‌ಗಳ ಸಾಲು ನೋಡಿದೆ. ಕೆಲವಕ್ಕೆ ಮರ್ಕ್ಯಾಪ್ಟನ್ ಬೆರೆಸಿದ ಐಸೋಬ್ಯುಟೇನ್, ಕೆಲವಕ್ಕೆ ಗಂಧಕವಿಲ್ಲದ ವಾಸನೆ ಬೆರೆಸಿದ್ದು, ಕೆಲವಕ್ಕೆ ಬರಿಯದು ತುಂಬಿ, ಒಂದು ವರ್ಷ ಓಡಿಸಿ. ಆಮೇಲೆ ಬಯಲಿನಲ್ಲಿಟ್ಟು, ಸುತ್ತ ಬೆಂಕಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಯಾವುದರಲ್ಲಿ ಏನಿದೆ ಎಂದು ಹೇಳದೆ ಸ್ವಲ್ಪಸ್ವಲ್ಪವೇ ಹೊರಬಿಡಿ. ವಾಸನೆ ಉಳಿದಿದೆಯೋ ಇಲ್ಲವೋ ಎಂಬ ತೀರ್ಪು ಹಿಂದಿನ ಸಾಲಿನವರು ಕೊಡಲಿ. ತಾಮ್ರದ ಪೈಪ್ ಸೀಳಿ ಒಳಗಿನ ಕಪ್ಪು ನೋಡುವ ಕೆಲಸ ಲೋಹಶಾಸ್ತ್ರದವರಿಗಿರಲಿ. ಫ್ರಿಜ್ ಒಂದಕ್ಕೆ ಐವತ್ತು ಗ್ರಾಂ ಅನಿಲದ ಖರ್ಚು ಯಾವ ಇಲಾಖೆಗೂ ಭಾರವಾಗದು.

ಪ್ರಾಂಶುಪಾಲರು ಆಗಿನಿಂದ ತಲೆಯಾಡಿಸುತ್ತಿದ್ದಾರೆ. ಒಪ್ಪಿಗೆಗೋ, ಸಮಯ ಮೀರಿತು ಎಂಬುದಕ್ಕೋ ತಿಳಿಯುತ್ತಿಲ್ಲ. ಒಪ್ಪಿಗೆ ಎಂದುಕೊಂಡು ಕೂರುತ್ತೇನೆ.