ಶಿವಪ್ರಾರ್ಥನೆಯೂ ವಿನಯವೂ



ಭಕ್ತನು ದೇವರಲ್ಲಿ ಬೇಡುವುದು ಹಸಿದ ಮಗುವು ತಾಯಿಯಲ್ಲಿ ಬೇಡುವಷ್ಟೇ ಸಹಜವಾದುದು. ಆದರೆ ಬೇಡುವಾಗ ಅವನ ಮನಸ್ಸು ಹೇಗಿರಬೇಕೆಂಬುದು ವಿಚಾರಾರ್ಹವಾದ ವಿಷಯವಾಗಿದೆ.

ಮಂಡ್ಯ ಸೀಮೆಯ ರೈತರಿಗೆ ಈ ವಿಷಯವು ನೀರಿನ ಮೂಲಕವೇ ಮನದಟ್ಟಾಗುವುದು. 1911ರಲ್ಲಿ ನಿರ್ಮಾಣವಾರಂಭವಾದ ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯು ಹುಲಿಕೆರೆಯ ಸುರಂಗದೊಳಗೆ ಹರಿದು ಬಂದು, ರಾಗಿ ಬೆಳೆಯುತ್ತಿದ್ದ ಬೆದ್ದಲು ನೆಲಕ್ಕೆ ಭತ್ತವನ್ನೂ ಕಬ್ಬನ್ನೂ ತಂದಿತು. ನೀರಿನ ಕಂದಾಯವನ್ನು ತೆತ್ತ ರೈತನು ತನ್ನ ಸರದಿಯ ನೀರನ್ನು ಸರ್ಕಾರದಲ್ಲಿ ಹಕ್ಕಿನಿಂದಲೇ ಕೇಳಬಹುದು, ಅದು ನ್ಯಾಯವಾದುದು. ಆದರೆ ಕೊಡಗಿನ ಬೆಟ್ಟಗಳ ಮೇಲೆ ಸುರಿಯಬೇಕಾದ ಮಳೆಗೆ ಯಾರ ಕೈಯಲ್ಲಿಯೂ ರಸೀತಿಯಿಲ್ಲ. 2023ರಲ್ಲಿ ಮುಂಗಾರು ಸೊರಗಿ, ಕಟ್ಟೆಯು 124.80 ಅಡಿಯ ಪೂರ್ಣಮಟ್ಟವನ್ನು ಮುಟ್ಟಲಿಲ್ಲ, 2024ರಲ್ಲಿ ತುಂಬಿತು. ಒಂದು ವರ್ಷ ಭಕ್ತಿಯು ಕುಂದಿ, ಮರುವರ್ಷ ಹೆಚ್ಚಿತೆಂದು ಹೇಳಬಲ್ಲವರಾರು?

“ನಿತ್ಯವೂ ಲಿಂಗಪೂಜೆ ಮಾಡಿದೆನು, ದಾಸೋಹ ನಡೆಸಿದೆನು; ಆದುದರಿಂದ ಫಲವು ನನಗೆ ಸಲ್ಲತಕ್ಕದ್ದು” ಎಂಬ ಭಾವವು ಶಿವನನ್ನು ಸಾಲಗಾರನನ್ನಾಗಿ ಮಾಡುವುದು. ಫಲವು ಬಾರದೆ ಹೋದಾಗ ಇಂತಹ ಭಕ್ತನಿಗೆ ಉಳಿಯುವುವು ಎರಡೇ ದಾರಿಗಳು: ದೇವರು ವಂಚಿಸಿದನೆನ್ನಬೇಕು, ಇಲ್ಲವೆ ನೆರೆಯವನ ಪಾಪದಿಂದ ಹೀಗಾಯಿತೆನ್ನಬೇಕು. ಬೆಳೆ ಒಣಗಿ ಕಂಗೆಟ್ಟ ಬಡವನನ್ನು “ನಿನ್ನ ಪೂಜೆಯಲ್ಲಿ ಏನು ಕೊರತೆಯಾಯಿತು?” ಎಂದು ಕೇಳುವ ಕ್ರೌರ್ಯವೂ ಈ ಲೆಕ್ಕಾಚಾರದಿಂದಲೇ ಹುಟ್ಟುವುದು. ಇಷ್ಟಲಿಂಗವನ್ನು ಅಂಗೈಯಲ್ಲಿ ಧರಿಸಿ ಪೂಜಿಸುವಾಗ ಭಕ್ತನ ಎಡಗೈಯೇ ಲಿಂಗಕ್ಕೆ ಪೀಠವಾಗುವುದು. ಪೀಠವಾದ ಕೈಯಲ್ಲಿ ಲೆಕ್ಕದ ಪುಸ್ತಕಕ್ಕೆ ಎಡೆಯೆಲ್ಲಿ? ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದಾಗಿರುವುದನ್ನು ಭಕ್ತನು ಮರೆಯಲಾಗದು. ಪ್ರಸಾದವು ಕೃಪೆಯಾಗಿ ಬರುವುದು, ಕೂಲಿಯಾಗಿ ಬರುವುದಿಲ್ಲ.

ಈ ತತ್ತ್ವಕ್ಕೆ ಮಳವಳ್ಳಿ ಸೀಮೆಯ ಹಾಡಿನಲ್ಲಿಯೇ ನಿದರ್ಶನವುಂಟು. ಆ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯವರ ಮಠವಿದೆ. ನೀಲಗಾರರು ತಂಬೂರಿಯೊಡನೆ ಹಾಡುವ ಅವರ ಕಥೆಯಲ್ಲಿ, ಸ್ವಾಮಿಯವರು ನೋಡಿದವರು ಹೇಸುವಂತಹ ರೂಪವನ್ನು ತಾಳಿ ಕಲ್ಯಾಣಕ್ಕೆ ಬರುತ್ತಾರೆ. ಶರಣರೆಂಬ ಹೆಸರಿನಿಂದ ಬೀಗಿದ್ದವರು ಅವರನ್ನು ಹತ್ತಿರ ಸೇರಿಸುವುದಿಲ್ಲ. ಬಸವಣ್ಣನವರಾದರೋ ಗುರುತಿಸಿ, ತಲೆಬಾಗಿ ಬರಮಾಡಿಕೊಳ್ಳುತ್ತಾರೆ. ದೇವರು ತಮ್ಮ ಸ್ವತ್ತೆಂದು ಭಾವಿಸಿದವರಿಗೆ ದೇವರು ಬಾಗಿಲಿಗೆ ಬಂದುದೇ ತಿಳಿಯಲಿಲ್ಲ!

ವಿನಯವು ಪೂಜೆಯ ಹೊತ್ತಿನೊಡನೆ ಮುಗಿಯತಕ್ಕದ್ದಲ್ಲ. ಅದರ ಪರೀಕ್ಷೆಯು ಹೊಲಗದ್ದೆಗಳಲ್ಲಿ ನಡೆಯುವುದು. ನಾಲೆಯ ಕೊನೆಭಾಗದ ಮದ್ದೂರು, ಮಳವಳ್ಳಿಗಳ ಗದ್ದೆಗಳಿಗೆ ನೀರು ಕಡೆಗೆ ಮುಟ್ಟುವುದು. ಬಂದುದೆಲ್ಲವೂ ತನಗೆ ಸಲ್ಲತಕ್ಕದ್ದೇ ಎಂದು ತಿಳಿದ ಮೇಲಿನವನು, ತನ್ನ ಪೈರು ತಣಿದ ಮೇಲೆಯೂ ನೀರನ್ನು ತಡೆದಿಡುವನು. ಬಂದುದು ಕೃಪೆಯಿಂದ ಬಂತೆಂದು ಅರಿತವನು, ಸರದಿ ಮುಗಿದೊಡನೆ ಅದನ್ನು ಕೆಳಗಿನವನ ಕಡೆಗೆ ಹರಿಯಗೊಡುವನು. ಮೊದಲನೆಯವನು ಎಷ್ಟು ಹೊತ್ತು ಪ್ರಾರ್ಥಿಸಿದರೂ ಬೇಡಿದಂತಾಗಲಿಲ್ಲ; ಎರಡನೆಯವನು ಬಾಯಿ ತೆರೆಯದಿದ್ದರೂ ಅವನ ಪ್ರಾರ್ಥನೆಯು ಶಿವನನ್ನು ಮುಟ್ಟಿತು.

ಮಳೆ ಬಂದಾಗ ಬೀಗದೆ, ಬಾರದಿದ್ದಾಗ ದೂರದೆ, ಕಾಯಕವನ್ನು ಬಿಡದೆ ಬೇಡುವ ಬುದ್ಧಿಯನ್ನು ಪರಶಿವನು ಸರ್ವರಿಗೂ ಅನುಗ್ರಹಿಸಲಿ. ಸರ್ವರಿಗೂ ಸನ್ಮಂಗಳವಾಗಲಿ.