ಹನ್ನೊಂದು ಪೈಸೆಯ ಔಷಧ



ಎರಡು ವರ್ಷದ ಮಗುವಿಗೆ ಭೇದಿ ಹತ್ತಿದೆ. ಬೆಳಗಿನಿಂದ ಆರೇಳು ಸಲ ಆಗಿದೆ. ಕಣ್ಣು ಗುಳಿ ಬಿದ್ದಿವೆ, ನಾಲಗೆ ಒಣಗಿದೆ. ‘ನೀರು ಕೊಡಬೇಡ, ಕೊಟ್ಟರೆ ಇನ್ನೂ ಹೋಗುತ್ತದೆ’ ಎಂದು ಮನೆಯ ಹಿರಿಯರು ಹೇಳುತ್ತಾರೆ. ತಾಯಿ ಮಗುವನ್ನೆತ್ತಿಕೊಂಡು ಡಾಕ್ಟರ ಬಳಿ ಓಡುತ್ತಾಳೆ. ಅವರು ಬರೆದ ಚೀಟಿಯಲ್ಲಿ ಸಿರಪ್ಪು, ಮಾತ್ರೆ ಎಲ್ಲ ಇರುತ್ತವೆ. ಎಲ್ಲಕ್ಕಿಂತ ಅಗ್ಗವಾದ, ಎಲ್ಲಕ್ಕಿಂತ ಮುಖ್ಯವಾದ ಒಂದು ಪುಡಿ ಪೊಟ್ಟಣ ಮಾತ್ರ ಎಷ್ಟೋ ಸಲ ಇರುವುದಿಲ್ಲ.

ಆ ಪೊಟ್ಟಣವೇ ಓ.ಆರ್.ಎಸ್. ಉಪ್ಪು, ಗ್ಲೂಕೋಸ್ ಮತ್ತು ಇನ್ನೆರಡು ಲವಣಗಳ ಮಿಶ್ರಣ. ಕೋಟ್ಯಂತರ ಜೀವಗಳನ್ನು ಉಳಿಸಿದ ಈ ಪುಡಿಯ ಕಥೆ ಬರೀ ವೈದ್ಯಶಾಸ್ತ್ರದ ಕಥೆಯಲ್ಲ. ಪ್ರಯೋಗಶಾಲೆಯ ವಿಜ್ಞಾನ, ಆಸ್ಪತ್ರೆಯ ಚಿಕಿತ್ಸೆ, ಜನರಿಗೆ ತಲುಪಿಸುವ ಮಾರಾಟದ ಜಾಣ್ಮೆ ಇವು ಮೂರೂ ಒಲೆಯ ಮೂರು ಕಲ್ಲುಗಳಿದ್ದಂತೆ. ಒಂದು ಕಲ್ಲು ಸರಿದರೂ ಪಾತ್ರೆ ನಿಲ್ಲುವುದಿಲ್ಲ.

ಮೊದಲು ವಿಜ್ಞಾನ. ಭೇದಿಯಲ್ಲಿ ಸಾವು ತರುವುದು ಹೆಚ್ಚಾಗಿ ಮೈಯ ನೀರು ಮತ್ತು ಲವಣ ಬತ್ತಿಹೋಗುವುದು. ಹಾಗಾದರೆ ನೀರು ಕುಡಿಸಿದರೆ ಸಾಲದೇ? ಸಾಲದು. ಕಾಲರಾ ಹಿಡಿದ ಕರುಳು ಬರೀ ನೀರನ್ನಾಗಲಿ, ಬರೀ ಉಪ್ಪುನೀರನ್ನಾಗಲಿ ಸಾಕಷ್ಟು ಹೀರಿಕೊಳ್ಳದು. ಆದರೆ ಉಪ್ಪಿನ ಜೊತೆ ಸಕ್ಕರೆ ಸೇರಿದರೆ ಮಾತೇ ಬೇರೆ. 1960ರಲ್ಲಿ ಪ್ರಾಗ್ ನಗರದ ವಿಜ್ಞಾನಿಗಳ ಸಭೆಯಲ್ಲಿ ಅಮೆರಿಕದ ರಾಬರ್ಟ್ ಕ್ರೇನ್ ಇದರ ಗುಟ್ಟನ್ನು ಬಿಡಿಸಿಟ್ಟರು. ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಒಂದೇ ಬಾಗಿಲಲ್ಲಿ ಜೊತೆಯಾಗಿ ಒಳಹೋಗುತ್ತವೆ; ಅವುಗಳ ಬೆನ್ನಿಗೇ ನೀರೂ ಹೋಗುತ್ತದೆ. ಕಾಲರಾ ಈ ಬಾಗಿಲನ್ನು ಮುಚ್ಚುವುದಿಲ್ಲ ಎಂಬುದು ಮುಂದೆ ತಿಳಿದುಬಂತು.

ಸ್ವಾರಸ್ಯವೆಂದರೆ, ಅದಕ್ಕೂ ಏಳು ವರ್ಷ ಮೊದಲೇ, 1953ರಲ್ಲಿ ಕೋಲ್ಕತ್ತದ ವೈದ್ಯ ಹೇಮೇಂದ್ರನಾಥ ಚಟರ್ಜಿ 186 ಮಂದಿ ಕಾಲರಾ ರೋಗಿಗಳಿಗೆ ಉಪ್ಪು–ಗ್ಲೂಕೋಸ್ ನೀರು ಕುಡಿಸಿ ಗುಣಪಡಿಸಿದ್ದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದಿದ್ದರು. ವೈದ್ಯಲೋಕ ಅದನ್ನು ಅಷ್ಟಾಗಿ ಗಮನಿಸಲಿಲ್ಲ. 1968ರಲ್ಲಿ ಡೇವಿಡ್ ನ್ಯಾಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ತರುಣ ವೈದ್ಯರು ಢಾಕಾದಲ್ಲಿ 29 ರೋಗಿಗಳ ಮೇಲೆ ಕ್ರಮಬದ್ಧ ಪ್ರಯೋಗ ನಡೆಸಿ, ಬಾಯಿಯ ಮೂಲಕ ದ್ರಾವಣ ಕೊಟ್ಟರೆ ಡ್ರಿಪ್ಪಿನ ಅಗತ್ಯ ಬಹುಪಾಲು ತಗ್ಗುತ್ತದೆಂದು ತೋರಿಸಿದರು. ಆದರೂ ಹಲವರಿಗೆ ನಂಬಿಕೆ ಬರಲಿಲ್ಲ. ಇಂಥ ಚಿಕಿತ್ಸೆ ನುರಿತ ವೈದ್ಯರ ಕಣ್ಗಾವಲಿಲ್ಲದೆ ನಡೆಯುವುದುಂಟೇ ಎಂಬುದು ಅವರ ಶಂಕೆ.

ಆ ಶಂಕೆಗೆ ಉತ್ತರ ಸಿಕ್ಕಿದ್ದು 1971ರಲ್ಲಿ. ಬಾಂಗ್ಲಾ ವಿಮೋಚನಾ ಯುದ್ಧದ ಕಾಲ. ಗಡಿ ದಾಟಿ ಬಂದ ಲಕ್ಷಾಂತರ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ಪಶ್ಚಿಮ ಬಂಗಾಳದ ಬನಗಾಂವ್ ಆಸ್ಪತ್ರೆಯಲ್ಲಿ ಹಾಸಿಗೆ ಸಾಲದೆ ರೋಗಿಗಳು ನೆಲದ ಮೇಲೆ ಮಲಗಿದ್ದರು. ಡ್ರಿಪ್ಪಿನ ಬಾಟಲಿಗಳು ಮುಗಿಯತೊಡಗಿದವು. ಆಗ ಡಾ. ದಿಲೀಪ್ ಮಹಾಲನೋಬಿಸ್ ಗಟ್ಟಿ ನಿರ್ಧಾರ ಮಾಡಿದರು. ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ತೂಗಿ ಕೋಲ್ಕತ್ತದಲ್ಲಿ ಪೊಟ್ಟಣ ಕಟ್ಟಿಸಿದರು. ಬನಗಾಂವ್‌ನಲ್ಲಿ ನೀರಿಗೆ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಟ್ಟರು. ರೋಗಿಗೆ ಕುಡಿಸುವ ಕೆಲಸ ಅವರ ಅಮ್ಮ, ಅಣ್ಣ, ಅಕ್ಕಂದಿರಿಗೇ ಬಿಟ್ಟರು. ಲೀಟರಿಗೆ ತಗುಲಿದ ಸಾಮಗ್ರಿಯ ವೆಚ್ಚ 11 ಪೈಸೆ! ಎಂಟು ವಾರಗಳಲ್ಲಿ ಸುಮಾರು 3,700 ರೋಗಿಗಳಿಗೆ ಚಿಕಿತ್ಸೆ ನಡೆಯಿತು. ಮೊದಲು ನೂರಕ್ಕೆ ಮೂವತ್ತರಷ್ಟಿದ್ದ ಸಾವು 3.6ಕ್ಕೆ ಇಳಿಯಿತು. 2022ರಲ್ಲಿ ತೀರಿಕೊಂಡ ಈ ವೈದ್ಯರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ಮರಣೋತ್ತರವಾಗಿ.

ಎರಡು ಕಲ್ಲು ಸಿಕ್ಕಿದವು. ಮೂರನೆಯದು? ಔಷಧ ಸಿದ್ಧವಾದ ಮಾತ್ರಕ್ಕೆ ಹಳ್ಳಿಯ ತಾಯಿಯ ಕೈಗೆ ಅದು ತಾನಾಗಿ ನಡೆದು ಬರುವುದಿಲ್ಲ. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 1980ರಿಂದ 1990ರವರೆಗೆ ಸುಮಾರು 1.2 ಕೋಟಿ ಮನೆಗಳ ಬಾಗಿಲು ತಟ್ಟಿತು. ಪೊಟ್ಟಣದ ಬದಲು ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂದು ಕೈ ಅಳತೆಯ ಪಾಠ ಹೇಳಿಕೊಟ್ಟಿತು. ಕಲಿಸುವ ಹೆಂಗಸರಿಗೆ ಸಂಬಳ ಸಿಗುತ್ತಿದ್ದುದು ಕಲಿತ ತಾಯಂದಿರು ಎಷ್ಟು ನೆನಪಿಟ್ಟುಕೊಂಡಿದ್ದಾರೆ ಎಂಬ ಲೆಕ್ಕದ ಮೇಲೆ! ಪಾಠವೇನೋ ಬಾಯಿಪಾಠವಾಯಿತು. ಆದರೆ ಭೇದಿಯಾದಾಗ ದ್ರಾವಣ ಮಾಡಿ ಕುಡಿಸುವವರು ಮೊದಮೊದಲು ತೀರಾ ಕಡಿಮೆ. ಕಾರಣ ಹುಡುಕಿದಾಗ ತಿಳಿದದ್ದು, ಕಲಿಸುವವರಿಗೇ ಅದರ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ ಎಂಬುದು. ಅವರಿಗೆ ಕಾರಣ–ಕಾರ್ಯ ವಿವರಿಸಿ, ಊರಿನ ಗಂಡಸರನ್ನೂ ಕೂರಿಸಿ ಹೇಳಿದ ಮೇಲೆ ಬಳಕೆ ಏರಿತು.

ಈಜಿಪ್ಟ್ ಇನ್ನೊಂದು ದಾರಿ ಹಿಡಿಯಿತು. ಮನೆಗಳಲ್ಲಿ ಲೀಟರ್ ಅಳತೆಯ ಪಾತ್ರೆ ಸುಲಭಕ್ಕೆ ಸಿಗದೆಂದು 200 ಮಿಲಿಲೀಟರಿನ ಪುಟ್ಟ ಪೊಟ್ಟಣ ತಂದರು. ಜನಪ್ರಿಯ ನಟಿ ಕರೀಮಾ ಮುಖ್ತಾರ್ ಟಿ.ವಿ. ಜಾಹೀರಾತಿನಲ್ಲಿ ತಾಯಂದಿರಿಗೆ ತಾಯಿಯಂತೆ ತಿಳಿಹೇಳಿದರು. ಸೋಪು ಮಾರುವ ವಿದ್ಯೆಯನ್ನೇ ಜೀವ ಉಳಿಸಲು ಬಳಸಿದ್ದು ಇದು.

ಇಷ್ಟಾದರೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಐದು ವರ್ಷದೊಳಗಿನ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳು ವರ್ಷವೂ ಭೇದಿಗೆ ಬಲಿಯಾಗುತ್ತಿದ್ದಾರೆ. ಏಕೆ? ಇದಕ್ಕೆ ಉತ್ತರ ಹುಡುಕಿದ ದೊಡ್ಡ ಅಧ್ಯಯನವೊಂದು ನಡೆದದ್ದು ನಮ್ಮ ಕರ್ನಾಟಕ ಮತ್ತು ಬಿಹಾರದಲ್ಲಿ. ಬೆಂಗಳೂರಿನ ಐ.ಐ.ಎಂ.ನ ಅರ್ನಬ್ ಮುಖರ್ಜಿ ಅವರೂ ಇದ್ದ ತಂಡದ ಈ ವರದಿ 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. 253 ಪಟ್ಟಣಗಳ 2,282 ಖಾಸಗಿ ಚಿಕಿತ್ಸಕರ ಬಳಿಗೆ, ಮನೆಯಲ್ಲಿ ಮಗುವಿಗೆ ಭೇದಿ ಎಂದು ಹೇಳಿಕೊಂಡು ತರಬೇತಾದ ವೇಷಧಾರಿಗಳು ಹೋದರು. ಮಾರುಕಟ್ಟೆ ಸಂಶೋಧಕರು ಗಿರಾಕಿಯ ಸೋಗಿನಲ್ಲಿ ಅಂಗಡಿಗೆ ಹೋಗುವ ತಂತ್ರವೇ ಇದು. ಓ.ಆರ್.ಎಸ್. ಬರೆಯದಿರಲು ದಾಸ್ತಾನು ಇಲ್ಲದಿರುವುದು ಕಾರಣವಾದದ್ದು ನೂರಕ್ಕೆ 6ರಷ್ಟು, ಬೇರೆ ಔಷಧದ ಲಾಭದಾಸೆ 5ರಷ್ಟು ಮಾತ್ರ. ‘ಇವರಿಗೆ ಇದು ಬೇಡ, ಬಲವಾದ ಔಷಧವೇ ಬೇಕು’ ಎಂಬ ಚಿಕಿತ್ಸಕರ ತಪ್ಪು ಕಲ್ಪನೆಯದು 42ರಷ್ಟು! ಬಂದವರು ತಾವಾಗಿ ಓ.ಆರ್.ಎಸ್. ಇಷ್ಟವೆಂದಾಗ ಅದನ್ನು ಬರೆಯುವ ಪ್ರಮಾಣ 27 ಶೇಕಡಾಂಶದಷ್ಟು ಏರಿತು.

ಮಾರಾಟದ ಜಾಣ್ಮೆಗೆ ಅಡ್ಡದಾರಿಯೂ ಉಂಟು. 2002ರಿಂದ ಇರುವ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ. ಸಕ್ಕರೆ ಮಿತಿಮೀರಿದರೆ ಕರುಳಿಗೆ ನೀರು ಇನ್ನಷ್ಟು ಸೆಳೆದು ಭೇದಿ ಹೆಚ್ಚುತ್ತದೆ. ಆದರೂ ಈ ಸೂತ್ರಕ್ಕೆ ಹೊಂದದ ಸಿಹಿ ಪಾನೀಯಗಳು ಓ.ಆರ್.ಎಸ್. ಎಂಬ ಅಕ್ಷರ ಹೊತ್ತು ಮಾರಾಟವಾದವು. ಮಕ್ಕಳ ವೈದ್ಯರ ಹೋರಾಟದ ನಂತರ 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಅದಕ್ಕೆ ತಡೆ ಹಾಕಿ ಆದೇಶ ಹೊರಡಿಸಿತು.

ಆದ್ದರಿಂದ ಪೊಟ್ಟಣ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದೇ ಎಂದು ಓದಿ ನೋಡಿ. ಅದರ ಮೇಲೆ ಹೇಳಿದಷ್ಟೇ ಶುದ್ಧ ನೀರಿಗೆ ಇಡೀ ಪುಡಿ ಬೆರೆಸಿ, ಗುಟುಕು ಗುಟುಕಾಗಿ ಕುಡಿಸಿ. ಎದೆಹಾಲು, ಊಟ ನಿಲ್ಲಿಸಬೇಡಿ. ಮಗು ಮಂಕಾದರೆ, ಕುಡಿಯದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಡಾಕ್ಟರು ತಾಯಿ ಕೇಳಲಿ ಎಂದಿದ್ದಾರೆ, ತಾಯಿ ಡಾಕ್ಟರು ಬರೆಯಲಿ ಎಂದಿದ್ದಾಳೆ. ನಡುವೆ ಮಗು ಒಣಗುತ್ತದೆ. ‘ಡಾಕ್ಟ್ರೇ, ಓ.ಆರ್.ಎಸ್. ಬರ್ಕೊಡ್ತೀರಾ?’ ಈ ಒಂದು ಮಾತು ಕೇಳಲು ಹನ್ನೊಂದು ಪೈಸೆಯೂ ಬೇಡ.